ಕ್ಲಿಯರೆನ್ಸ್ ಬುಟ್ಟಿಯ ನಿಯೋ ಜಿಯೋ

2000ನೇ ಇಸವಿಯ ಜೂನ್ ತಿಂಗಳಲ್ಲಿ ಜಪಾನಿನ ಎಸ್‌ಎನ್‌ಕೆ ಕಂಪನಿ ಅಮೆರಿಕದಿಂದ ಗಂಟುಮೂಟೆ ಕಟ್ಟಿತು. ಅದು ಮಾಡಿದ ನಿಯೋ ಜಿಯೋ ಪಾಕೆಟ್ ಕಲರ್ ಎಂಬ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ ಅಲ್ಲಿನ ಅಂಗಡಿಗಳಿಗೆ ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ. 1999ರ ಆಗಸ್ಟ್‌ನಲ್ಲಿ ಅದರ ಬೆಲೆ 69.95 ಡಾಲರ್. ಕಂಪನಿ ಹೊರಟ ಮೇಲೆ ಅಂಗಡಿಯಲ್ಲಿದ್ದ ಸರಕೂ ವಾಪಸ್ ಹೋಯಿತು. 2003ರ ಹೊತ್ತಿಗೆ ಅದೇ ಯಂತ್ರ, ಅವೇ ಆಟಗಳು ಇನ್ನೊಂದು ರೂಪದಲ್ಲಿ ತಿರುಗಿ ಬಂದವು. ರಟ್ಟಿನ ಡಬ್ಬಿ ಇಲ್ಲ, ಕೈಪಿಡಿ ಇಲ್ಲ. ಒಂದು ಪ್ಲಾಸ್ಟಿಕ್ ಹೊದಿಕೆಯೊಳಗೆ ಯಂತ್ರ, ಅದರ ಸುತ್ತ ಆರು ಕಾರ್ಟ್ರಿಜ್. ಎಲ್ಲ ಸೇರಿಸಿದರೂ ಮೊದಲು ಬರೀ ಯಂತ್ರಕ್ಕಿದ್ದ ಬೆಲೆಗಿಂತ ಕಡಿಮೆ. ಸಾಂತಾ ಕ್ಲಾರಾದ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರ ಕ್ಲಿಯರೆನ್ಸ್ ಬುಟ್ಟಿಯಲ್ಲಿ, ಕೇಬಲ್ಲು, ಹಳೆಯ ಮೋಡೆಮ್ಮುಗಳ ನಡುವೆ ನನಗೆ ಸಿಕ್ಕಿದ್ದು ಅಂಥದೊಂದು.

ಎಸ್‌ಎನ್‌ಕೆ ಹೆಸರು ತೊಂಬತ್ತರ ದಶಕದ ಬೆಂಗಳೂರಿನ ಮಕ್ಕಳಿಗೆ ಹೊಸದಲ್ಲ. ವಿಡಿಯೋ ಗೇಮ್ ಪಾರ್ಲರುಗಳಲ್ಲಿ ಟೋಕನ್ ಹಾಕಿದ ಕೂಡಲೇ ಪರದೆ ಮೇಲೆ ಮೂಡುತ್ತಿದ್ದ ಹೆಸರು ಅದು. 1990ರಲ್ಲಿ ಎಸ್‌ಎನ್‌ಕೆ ತಂದ ಎಂವಿಎಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಪೆಟ್ಟಿಗೆಯೊಳಗೆ ಹಲವು ಆಟಗಳ ಕಾರ್ಟ್ರಿಜ್ ಕೂರಿಸಬಹುದಿತ್ತು. ಹೊಸ ಆಟ ಬಂದರೆ ಇಡೀ ಪೆಟ್ಟಿಗೆ ಬದಲಿಸಬೇಕಿಲ್ಲ, ಕಾರ್ಟ್ರಿಜ್ ಬದಲಿಸಿದರೆ ಆಯಿತು. ಸಣ್ಣ ಬಂಡವಾಳದ ಪಾರ್ಲರಿನವರಿಗೆ ಇದಕ್ಕಿಂತ ಅನುಕೂಲ ಏನು ಬೇಕು? ದಿ ಕಿಂಗ್ ಆಫ್ ಫೈಟರ್ಸ್ '97, ಮೆಟಲ್ ಸ್ಲಗ್ ನಮ್ಮೂರಿನ ಗಲ್ಲಿಗಳವರೆಗೂ ಬಂದವು. ರಾಜಾಜಿನಗರದಲ್ಲಿ ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಒಂದು ಪಾರ್ಲರ್. ಅಣ್ಣ ಆಡುತ್ತಿದ್ದ, ನಾನು ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ಹುಡುಗಿ ಮುಂದೆ ಬಂದು ಜಾಯ್‌ಸ್ಟಿಕ್ ಹಿಡಿಯುವ ಜಾಗ ಅದಾಗಿರಲಿಲ್ಲ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೂ ಅಷ್ಟು ಹುಡುಗರ ನಡುವೆ ನುಗ್ಗಿ ಟೋಕನ್ ಹಾಕಲು ಧೈರ್ಯ ಬರುತ್ತಿರಲಿಲ್ಲ. ಮೆಟಲ್ ಸ್ಲಗ್‌ನ ಮೊದಲ ಹಂತದಲ್ಲಿ ಯಾವ ಶತ್ರು ಎಲ್ಲಿಂದ ಬರುತ್ತಾನೆ ಎಂಬುದು ನನಗೆ ಬಾಯಿಪಾಠ. ಆಡಿದ್ದು ಮಾತ್ರ ಇಲ್ಲ.

ಆದ್ದರಿಂದ ಆ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕಣ್ಣು ಬಿದ್ದಾಗ ನಾನು ಮೊದಲು ನೋಡಿದ್ದು ಬೆಲೆಯನ್ನಲ್ಲ, ಕಾರ್ಟ್ರಿಜ್‌ಗಳ ಹೆಸರನ್ನು. ಮೆಟಲ್ ಸ್ಲಗ್ ಇತ್ತು. ಆ ರಾತ್ರಿ ಬೆಂಗಳೂರಿಗೆ ಫೋನ್ ಮಾಡಿ ಹೇಳಿದೆ.

"ಅಲ್ಲೆಲ್ಲ ಪ್ಲೇ ಸ್ಟೇಷನ್ ಟು ಇದೆಯಂತೆ. ಇದ್ಯಾವುದೇ ನೀನು ತಗೊಂಡಿರೋದು?" ಅಂದ ಅಣ್ಣ.

"ಇದರಲ್ಲಿ ಮೆಟಲ್ ಸ್ಲಗ್ ಇದೆ ಅಣ್ಣ."

"ನಿಜವಾಗ್ಲೂ? ನಮ್ಮ ಮೆಟಲ್ ಸ್ಲಗ್ಗೇನಾ?"

ಅದೇ ಆಟವಲ್ಲ, ಆದರೆ ಅದೇ ಮನೆತನದ್ದು. ಪಾರ್ಲರಿನ ದೊಡ್ಡ ಪರದೆಯ ಆಟವನ್ನು ಕುಗ್ಗಿಸಿ ತುರುಕುವ ಬದಲು ಎಸ್‌ಎನ್‌ಕೆಯವರು ಈ ಪುಟ್ಟ ಯಂತ್ರಕ್ಕೆಂದೇ ಹೊಸ ಆಟ ಕಟ್ಟಿದ್ದರು. ಪರದೆ 160 ಚುಕ್ಕಿ ಅಗಲ, 152 ಚುಕ್ಕಿ ಎತ್ತರ. ಅಷ್ಟರಲ್ಲೇ ಸೈನಿಕ ಓಡಬೇಕು, ಬಗ್ಗಬೇಕು, ಗ್ರೆನೇಡ್ ಎಸೆಯಬೇಕು. ಪಾರ್ಲರಿನಲ್ಲಿ ಒಂದು ಗುಂಡು ತಗುಲಿದರೆ ಪ್ರಾಣ ಹೋಗುತ್ತಿತ್ತು, ಇನ್ನೊಂದು ಟೋಕನ್ ಬೇಕಾಗುತ್ತಿತ್ತು. ಮನೆಯಲ್ಲಿ ಕೂತು ಆಡುವವರಿಂದ ಟೋಕನ್ ವಸೂಲಿ ಮಾಡಬೇಕಿಲ್ಲವಲ್ಲ, ಹಾಗಾಗಿ ಇಲ್ಲಿ ಸೈನಿಕನಿಗೆ ಶಕ್ತಿಯ ಪಟ್ಟಿ ಕೊಟ್ಟರು, ಒಂದೆರಡು ಏಟು ತಡೆದುಕೊಳ್ಳುತ್ತಾನೆ. ಆಮೇಲೆ ಬಂದ ಸೆಕೆಂಡ್ ಮಿಷನ್ ಎಂಬ ಎರಡನೆಯ ಆಟದಲ್ಲಿ ಆರಿಸಿಕೊಳ್ಳಲು ಇಬ್ಬರು ಸೈನಿಕರು, ಅವರಲ್ಲೊಬ್ಬಳು ಹೆಣ್ಣು. ಅಣ್ಣನ ಬೆನ್ನ ಹಿಂದೆ ನಿಂತಿದ್ದ ಹುಡುಗಿ ಕಡೆಗೂ ಮೆಟಲ್ ಸ್ಲಗ್ ಆಡಿದ್ದು ಅವಳನ್ನು ಆರಿಸಿಕೊಂಡು.

ಈ ಯಂತ್ರದ ಕಡ್ಡಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಎಡ ಹೆಬ್ಬೆರಳಿನ ಕೆಳಗೆ ಒಂದು ಗಿಡ್ಡ ಕಡ್ಡಿ, ಎಂಟು ದಿಕ್ಕಿಗೂ ಹೊರಳುತ್ತದೆ. ಒಳಗೆ ಇರುವುದು ಮೈಕ್ರೋಸ್ವಿಚ್‌ಗಳು, ಪಾರ್ಲರಿನ ಜಾಯ್‌ಸ್ಟಿಕ್ಕಿನ ಬುಡದಲ್ಲಿ ಇದ್ದ ಬಗೆಯವೇ. ಯಾವ ಕಡೆಗೆ ತಳ್ಳಿದರೂ ಟಿಕ್ ಎಂಬ ಸ್ಪಷ್ಟವಾದ ಸದ್ದು. ಕೆಳಗೆ, ಓರೆಗೆ, ಮುಂದಕ್ಕೆ ಎಂದು ಸರ್ರನೆ ಹೊರಳಿಸಿದರೆ ಟಿಕ್‌ಟಿಕ್‌ಟಿಕ್, ಕೂಡಲೇ ಕಿಂಗ್ ಆಫ್ ಫೈಟರ್ಸ್ ಆಟದ ಐಯೋರಿಯ ಕೈಯಿಂದ ಬೆಂಕಿ ನೆಲ ಸವರಿಕೊಂಡು ಹೊರಡುತ್ತದೆ. ಕಣ್ಣು ಮುಚ್ಚಿಯೂ ಆಡಬಹುದು, ಕಡ್ಡಿ ಎಲ್ಲಿದೆ ಎಂದು ಬೆರಳಿಗೇ ಗೊತ್ತಾಗುತ್ತದೆ. ಒದೆಯಲು, ಗುದ್ದಲು ಇರುವುದು ಎರಡೇ ಗುಂಡಿ. ತಟ್ಟಿ ಬಿಟ್ಟರೆ ಹಗುರ ಏಟು, ಒತ್ತಿ ಹಿಡಿದರೆ ಬಲವಾದ ಏಟು. ಪಾರ್ಲರಿನ ನಾಲ್ಕು ಗುಂಡಿಯ ಕೆಲಸವನ್ನು ಎರಡಕ್ಕೆ ಇಳಿಸಿದ ಆ ಜಾಣತನವನ್ನು ನಾನು, ಚಿಪ್‌ಗಳನ್ನು ಪರೀಕ್ಷಿಸಿ ಸಂಬಳ ಎಣಿಸುವವಳು, ಮನಸಾರೆ ಮೆಚ್ಚುತ್ತೇನೆ. ಕೈಯಲ್ಲಿ ಹಿಡಿಯುವ ಯಂತ್ರಗಳಲ್ಲಿ ಇಷ್ಟು ಒಳ್ಳೆಯ ಕಡ್ಡಿಯನ್ನು ಆಮೇಲೂ ನಾನು ಕಂಡಿಲ್ಲ.

ಹಾಗಾದರೆ ಇದು ಸೋತದ್ದೇಕೆ? ಎರಡು ಪೆನ್ಸಿಲ್ ಸೆಲ್ಲಿಗೆ 40 ಗಂಟೆ ಆಡಿಸುತ್ತಿತ್ತು, ಆದ್ದರಿಂದ ಸೆಲ್ಲಿನ ದೂರು ಇಲ್ಲ. ಪರದೆಗೆ ಹಿಂದಿನಿಂದ ಬೆಳಕಿರಲಿಲ್ಲ, ದೀಪದ ಕೆಳಗೆ ಓರೆ ಹಿಡಿದು ನೋಡಬೇಕಿತ್ತು. ಆದರೆ ಆಗಿನ ಗೇಮ್ ಬಾಯ್ ಕಲರ್‌ಗೂ ಅದೇ ಪಾಡು. ಸೋಲಿನ ಒಂದು ಕಾರಣ ಪೋಕೆಮಾನ್. ಜಪಾನಿನಲ್ಲಿ 1996ರಲ್ಲಿ, ಅಮೆರಿಕದಲ್ಲಿ 1998ರಲ್ಲಿ ಬಂದ ಆ ಆಟ ನಿಂಟೆಂಡೊದ ಗೇಮ್ ಬಾಯ್‌ನಲ್ಲಿ ಮಾತ್ರ ಸಿಗುತ್ತಿತ್ತು. ತರಗತಿಯ ಅಷ್ಟೂ ಮಕ್ಕಳು ಪೋಕೆಮಾನ್ ಅದಲುಬದಲು ಮಾಡಿಕೊಳ್ಳುವಾಗ ಒಂದು ಮಗುವಿಗೆ ಬೇರೆ ಯಂತ್ರ ಕೊಡಿಸಿದರೆ ಅದು ಒಂಟಿಯಾಗುತ್ತದೆ. ಇನ್ನೊಂದು ಕಾರಣ ಎಸ್‌ಎನ್‌ಕೆಯ ಸ್ವಂತ ಹಣಕಾಸು. 1997ರಲ್ಲಿ ತಂದ ಹೈಪರ್ ನಿಯೋ ಜಿಯೋ 64 ಎಂಬ ಯಂತ್ರ ಪಾರ್ಲರುಗಳಲ್ಲಿ ನೆಲ ಕಚ್ಚಿತ್ತು. ಸಾಲದ ಮಧ್ಯೆಯೇ 1999ರಲ್ಲಿ ಟೋಕಿಯೊದಲ್ಲಿ ನಿಯೋ ಜಿಯೋ ವರ್ಲ್ಡ್ ಎಂಬ ಮನರಂಜನಾ ಪಾರ್ಕ್ ತೆರೆದರು. 2000ದ ಜನವರಿಯಲ್ಲಿ ಪಾಚಿಸ್ಲಾಟ್ ಎಂಬ ಜೂಜಿನ ಯಂತ್ರಗಳನ್ನು ಮಾಡುವ ಅರೂಜ್ ಕಂಪನಿ ಎಸ್‌ಎನ್‌ಕೆಯನ್ನು ಕೊಂಡಿತು. ಐದು ತಿಂಗಳಲ್ಲಿ ಅಮೆರಿಕದ ಬಾಗಿಲು ಮುಚ್ಚಿತು. 2001ರ ಅಕ್ಟೋಬರ್‌ನಲ್ಲಿ ಎಸ್‌ಎನ್‌ಕೆ ದಿವಾಳಿ. ನನ್ನ ಮಟ್ಟಿಗೆ ಸೋತದ್ದು ಕಂಪನಿ. ಯಂತ್ರದ ಕಡೆಯಿಂದ ಆದ ತಪ್ಪು ಬಹಳ ಸಣ್ಣದು.

ಎಲ್ಲ ಸೋಲೂ ಹೀಗಲ್ಲ. ಅದಕ್ಕೂ ಹತ್ತು ವರ್ಷ ಹಿಂದಿನ ಅಟಾರಿ ಲಿಂಕ್ಸ್ ಸೋತದ್ದು ನ್ಯಾಯವಾಗಿಯೇ ಎನ್ನಬೇಕು. 1989ರಲ್ಲಿ ಗೇಮ್ ಬಾಯ್ ಅಮೆರಿಕಕ್ಕೆ ಬಂದಾಗ ಅದರ ಬೆಲೆ ಸುಮಾರು 90 ಡಾಲರ್. ಪರದೆ ಹಸಿರು ಮಿಶ್ರಿತ, ಬಣ್ಣವಿಲ್ಲ. ಅದೇ ವರ್ಷ ಬಂದ ಲಿಂಕ್ಸ್‌ನಲ್ಲಿ ಬಣ್ಣವಿತ್ತು, ಪರದೆಯ ಹಿಂದೆ ಬೆಳಕಿತ್ತು, ಎಡಚರಿಗಾಗಿ ತಲೆಕೆಳಗು ಮಾಡಿ ಹಿಡಿಯುವ ಅನುಕೂಲವೂ ಇತ್ತು. ಅಮಿಗಾ ಕಂಪ್ಯೂಟರ್ ವಿನ್ಯಾಸ ಮಾಡಿದವರಲ್ಲಿ ಇಬ್ಬರು, ಆರ್.ಜೆ. ಮೈಕಲ್ ಮತ್ತು ಡೇವ್ ನೀಡಲ್, ಎಪಿಕ್ಸ್ ಎಂಬ ಕಂಪನಿಯಲ್ಲಿದ್ದಾಗ ಅದನ್ನು ರೂಪಿಸಿದರು. ಬೆಲೆ 180 ಡಾಲರ್, ಅಂದರೆ ಎರಡರಷ್ಟು. ಆರು ಪೆನ್ಸಿಲ್ ಸೆಲ್ ಹಾಕಿದರೆ ನಾಲ್ಕೈದು ಗಂಟೆಗೆ ಖಾಲಿ. ಮಗು ಸೆಲ್ ಕೇಳುತ್ತಲೇ ಇರುತ್ತದೆ, ಅಪ್ಪ ಅಮ್ಮ ತರುತ್ತಲೇ ಇರಬೇಕು. ಅದು ನಡೆಯುವ ಮಾತಲ್ಲ.

ಗೇಮ್ ಬಾಯ್ ಮಾಡಿದ ಗುನ್‌ಪೇ ಯೊಕೊಯಿ ಇದನ್ನು ಮೊದಲೇ ಲೆಕ್ಕ ಹಾಕಿದ್ದರು. ಹೊಸ ತಂತ್ರಜ್ಞಾನದ ಬೆನ್ನು ಹತ್ತುವುದು ಬೇಡ, ಬಳಸಿ ಬಳಸಿ ಪಳಗಿದ, ಅಗ್ಗವಾದ ತಂತ್ರಜ್ಞಾನಕ್ಕೆ ಹೊಸ ಉಪಯೋಗ ಹುಡುಕಬೇಕು ಎಂಬುದು ಅವರ ಪಟ್ಟು. ಕ್ಯಾಲ್ಕುಲೇಟರಿನ ಪರದೆಯಿಂದ 1980ರಲ್ಲಿ ಗೇಮ್ ಅಂಡ್ ವಾಚ್ ಮಾಡಿದವರು ಅವರೇ. ಬಣ್ಣ ಬಿಟ್ಟರು, ಸೆಲ್ ಉಳಿಸಿದರು, ಜೊತೆಗೆ ಟೆಟ್ರಿಸ್ ಕೊಟ್ಟರು, ಗೆದ್ದರು. ನನ್ನ ಪ್ರೀತಿ ಸೋತ ಯಂತ್ರಗಳ ಕಡೆಗಿದ್ದರೂ ಯೊಕೊಯಿ ಲೆಕ್ಕ ಸರಿಯಾಗಿತ್ತು ಎಂದು ಒಪ್ಪುತ್ತೇನೆ.

ಆದರೂ ಲಿಂಕ್ಸ್‌ನ ಆಟವೊಂದು ನಮ್ಮೂರಿಗೆ ಬಂದು ತಲುಪಿತ್ತು, ಅದು ಲಿಂಕ್ಸ್‌ನದು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮೇಷ್ಟ್ರು ಆಚೆ ಹೋದಾಗ ನಾವು ಆಡುತ್ತಿದ್ದ ಚಿಪ್ಸ್ ಚಾಲೆಂಜ್ ನೆನಪಿದೆಯೇ? ಹುಡುಗನೊಬ್ಬ ಚಿಪ್ಪುಗಳನ್ನು ಆಯುತ್ತ, ನೀರು ಬೆಂಕಿ ತಪ್ಪಿಸಿಕೊಂಡು, ಬಣ್ಣದ ಕೀಲಿಗಳಿಂದ ಬಾಗಿಲು ತೆರೆಯುತ್ತ ಹೋಗುವ ಆಟ. ಚಕ್ ಸೊಮರ್ವಿಲ್ ಎಂಬುವವರು ಅದನ್ನು 1989ರಲ್ಲಿ ಲಿಂಕ್ಸ್‌ಗಾಗಿ ಬರೆದದ್ದು. ಮೈಕ್ರೋಸಾಫ್ಟ್‌ನ ವಿಂಡೋಸ್ ಆಟಗಳ ಕಟ್ಟಿನಲ್ಲಿ 1992ರಲ್ಲಿ ಸೇರಿಕೊಂಡು ಅದು ಲೋಕ ಸುತ್ತಿತು. ಕ್ಯುಪರ್ಟಿನೊದ ಡಿ ಆನ್ಜಾ ಕಾಲೇಜಿನ ಪಾರ್ಕಿಂಗ್ ಜಾಗದಲ್ಲಿ ತಿಂಗಳ ಮೊದಲ ಶನಿವಾರ ಸಂತೆ ಸೇರುತ್ತಿತ್ತು. ಅಲ್ಲಿ ಹಳೆಯ ಲಿಂಕ್ಸ್ ಒಂದನ್ನು ಕೈಗೆತ್ತಿಕೊಂಡು ಕಾರ್ಟ್ರಿಜ್ ಮೇಲೆ ಆ ಹೆಸರು ಓದಿದಾಗ ನಾನು ಚೌಕಾಸಿ ಮಾಡುವುದನ್ನೂ ಮರೆತೆ. ಸೋತ ಯಂತ್ರದ ಆಟವನ್ನು ನಾವೆಲ್ಲ ವರ್ಷಗಟ್ಟಲೆ ಆಡಿದ್ದೆವು.

ನಿಯೋ ಜಿಯೋಗೆ ಮರಳುತ್ತೇನೆ. ಮೊದಲ ಸಲ ಸೆಲ್ ಹಾಕಿದಾಗ ಅದು ಭಾಷೆ ಕೇಳುತ್ತದೆ, ಸಮಯ ಕೇಳುತ್ತದೆ, ಆಮೇಲೆ ಹುಟ್ಟಿದ ದಿನ ಕೇಳುತ್ತದೆ. ಕಾರ್ಟ್ರಿಜ್ ಇಲ್ಲದಿದ್ದರೂ ಯಂತ್ರದೊಳಗೆ ಕ್ಯಾಲೆಂಡರ್, ಅಲಾರಂ, ಬೇರೆ ಬೇರೆ ಊರಿನ ಸಮಯ, ಜೊತೆಗೆ ದಿನಭವಿಷ್ಯ ಇದೆ. ಅಮ್ಮ ಇಲ್ಲಿಗೆ ಬಂದಿದ್ದಾಗ ಪ್ರತಿದಿನ ಕಾಫಿ ಆದ ಮೇಲೆ ಅದನ್ನು ತೆಗೆಸಿ ಓದಿಸುತ್ತಿದ್ದರು. ನಕ್ಷತ್ರ, ಪಾದ ಕೇಳದೆ ಬರೀ ತಾರೀಖು ನೋಡಿ ಹೇಗೆ ಹೇಳುತ್ತದೆ ಎಂದು ಅವರಿಗೆ ಅನುಮಾನ, ಆದರೂ ಕೇಳದೆ ಬಿಡರು. ಗೇಮ್ ಯಂತ್ರದಲ್ಲಿ ಅಮ್ಮನಿಗೂ ಒಂದು ಜಾಗ ಇಟ್ಟವರು ಅದನ್ನು ತುಂಬ ಅಕ್ಕರೆಯಿಂದ ಮಾಡಿದ್ದಾರೆ ಎಂದೇ ನನಗೆ ಅನಿಸುತ್ತಿತ್ತು.

ಈ ಯಂತ್ರಕ್ಕೆ ಬಂದ ಆಟಗಳು ಎಂಬತ್ತರ ಆಸುಪಾಸು. ಗೇಮ್ ಬಾಯ್‌ನ ಆಟಗಳನ್ನೆಲ್ಲ ಆಡಿ ಮುಗಿಸಲು ಒಂದು ಜನ್ಮ ಸಾಲದು, ಆದರೆ ಇಷ್ಟನ್ನು ಮನಸ್ಸು ಮಾಡಿದರೆ ಪೂರ್ತಿ ತಿಳಿದುಕೊಳ್ಳಬಹುದು. ಚಿಕ್ಕ ಊರಿನ ಗ್ರಂಥಾಲಯದ ಅಷ್ಟೂ ಪುಸ್ತಕ ಓದಿ ಮುಗಿಸಿದವರಿಗೆ ಗೊತ್ತಿರುವ ಸುಖ ಇದು. ನನ್ನ ಮಟ್ಟಿಗೆ ಆ ಸಂಗ್ರಹದ ತುರಾಯಿ ಎಸ್‌ಎನ್‌ಕೆ ವರ್ಸಸ್ ಕ್ಯಾಪ್ಕಾಮ್ ಕಾರ್ಡ್ ಫೈಟರ್ಸ್ ಕ್ಲಾಶ್. ಎರಡು ಎದುರಾಳಿ ಕಂಪನಿಗಳ ಪಾತ್ರಗಳು ಕಾರ್ಡುಗಳಾಗಿ ಬಂದಿವೆ, ಒಟ್ಟು 300 ಕಾರ್ಡು. ಊರೂರು ಸುತ್ತಿ, ಸಿಕ್ಕವರೊಡನೆ ಕಾರ್ಡ್ ಪಂದ್ಯ ಕಟ್ಟಿ, ಗೆದ್ದು, ಕಾರ್ಡು ಕೂಡಿಸಬೇಕು. ಒಂದು ಎಸ್‌ಎನ್‌ಕೆ ಆವೃತ್ತಿ, ಒಂದು ಕ್ಯಾಪ್ಕಾಮ್ ಆವೃತ್ತಿ, ಎರಡು ಯಂತ್ರಗಳ ನಡುವೆ ಕೇಬಲ್ ಹಾಕಿ ಅದಲುಬದಲು. ಪೋಕೆಮಾನ್‌ನಿಂದ ಪಾಠ ಕಲಿತದ್ದು ಕಾಣುತ್ತದೆ, ಆದರೆ ಆಟ ಸ್ವಂತದ್ದು, ಮತ್ತು ನನ್ನ ಅಭಿಪ್ರಾಯದಲ್ಲಿ ಹೆಚ್ಚು ಹರಿತವಾದದ್ದು.

ಕಾರ್ಟ್ರಿಜ್‌ನೊಳಗೆ ಆಟ ಇರುವುದು ಫ್ಲ್ಯಾಶ್ ಮೆಮೊರಿಯಲ್ಲಿ. ನಾವು ಆಡಿ ಉಳಿಸಿಟ್ಟದ್ದೂ ಅದರಲ್ಲೇ ಬರೆದುಕೊಳ್ಳುತ್ತದೆ. ಗೇಮ್ ಬಾಯ್‌ನ ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಇದಕ್ಕಾಗಿ ಒಂದು ಸಣ್ಣ ಸೆಲ್ ಬೆಸುಗೆ ಹಾಕಿರುತ್ತಿದ್ದರು. ಆ ಸೆಲ್ ಸತ್ತ ದಿನ ಮಕ್ಕಳು ವರ್ಷಾನುಗಟ್ಟಲೆ ಸಾಕಿದ ಪೋಕೆಮಾನ್‌ಗಳೆಲ್ಲ ಅಳಿಸಿಹೋಗುತ್ತಿದ್ದವು. ನಾನು ಆಗ ಕಟ್ಟಿದ ಕಾರ್ಡುಗಳ ಕಟ್ಟು ಇವತ್ತಿಗೂ ಹಾಗೇ ಇದೆ.

ಇದೇ ಯಂತ್ರಕ್ಕೆ 1999ರಲ್ಲಿ ಸೋನಿಕ್ ಕೂಡ ಬಂದ. ಸೆಗಾ ಆಗಿನ್ನೂ ಡ್ರೀಮ್‌ಕಾಸ್ಟ್ ಮಾರುತ್ತಿದ್ದ ಕಂಪನಿ, ಆದರೂ ತನ್ನ ಮನೆಮಗನನ್ನು ಬೇರೆಯವರ ಯಂತ್ರಕ್ಕೆ ಕಳಿಸಿತು. ಆ ಸೋನಿಕ್ ಮುಂದೆ ಎಲ್ಲಿಗೆ ಹೋದ ಎಂದು ತಿಳಿಯಲು ತಕಾಶಿ ನಿಶಿಯಾಮ ಎಂಬುವವರ ದಾರಿಯನ್ನು ಹಿಡಿದು ನೋಡಬೇಕು. 1987ರಲ್ಲಿ ಕ್ಯಾಪ್ಕಾಮ್‌ನಲ್ಲಿ ಮೊದಲ ಸ್ಟ್ರೀಟ್ ಫೈಟರ್ ಮಾಡಿದವರು ಅವರು. ಎಸ್‌ಎನ್‌ಕೆಗೆ ಬಂದು 1991ರಲ್ಲಿ ಫೇಟಲ್ ಫ್ಯೂರಿ ಕೊಟ್ಟರು. ಎಸ್‌ಎನ್‌ಕೆ ಮುಳುಗುವ ಹೊತ್ತಿನಲ್ಲಿ, 2000ದಲ್ಲಿ, ಅಲ್ಲಿನವರನ್ನು ಕರೆದುಕೊಂಡು ಹೊರಬಂದು ಡಿಂಪ್ಸ್ ಎಂಬ ಕಂಪನಿ ಕಟ್ಟಿದರು. 2001ರಲ್ಲಿ ಸೆಗಾ ಯಂತ್ರ ಮಾಡುವುದನ್ನೇ ಬಿಟ್ಟಿತು, ಅದೇ ವರ್ಷ ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸ್‌ಗೆ ಸೋನಿಕ್ ಅಡ್ವಾನ್ಸ್ ಬಂತು, ಅದನ್ನು ಮಾಡಿದ್ದು ಡಿಂಪ್ಸ್. ಜಗತ್ತೆಲ್ಲ ಮೆಚ್ಚಿದ ಆ ಆಟಕ್ಕೆ ದಾರಿ ತೆರೆದದ್ದು ಬುಟ್ಟಿಗೆ ಬಿದ್ದ ಈ ಯಂತ್ರದ ಸೋನಿಕ್ ಎಂದು ನಾನು ನಂಬುತ್ತೇನೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಆಡಿ ನೋಡಿ.

ಯೊಕೊಯಿ ಕತೆ ಇನ್ನೂ ಸ್ವಲ್ಪ ಬಾಕಿ ಇದೆ. 1995ರಲ್ಲಿ ಅವರು ಮಾಡಿದ ವರ್ಚುಯಲ್ ಬಾಯ್, ಮೇಜಿನ ಮೇಲಿಟ್ಟು ಕಣ್ಣು ಹಚ್ಚಿ ನೋಡುವ ಕೆಂಪು ಪರದೆಯ ಯಂತ್ರ, ಒಂದು ವರ್ಷವೂ ಬಾಳಲಿಲ್ಲ. 1996ರಲ್ಲಿ ನಿಂಟೆಂಡೊ ಬಿಟ್ಟು ಸ್ವಂತ ಸಂಸ್ಥೆ ತೆರೆದರು, ಬಂದಾಯಿ ಕಂಪನಿಗಾಗಿ ಇನ್ನೊಂದು ಪುಟ್ಟ ಯಂತ್ರಕ್ಕೆ ಕೈ ಹಾಕಿದರು. 1997ರ ಅಕ್ಟೋಬರ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಯಂತ್ರ, ವಂಡರ್‌ಸ್ವಾನ್, 1999ರ ಮಾರ್ಚ್‌ನಲ್ಲಿ ಬಂತು. ಬೆಲೆ 4,800 ಯೆನ್, ಒಂದೇ ಒಂದು ಪೆನ್ಸಿಲ್ ಸೆಲ್. ಅಡ್ಡ ಹಿಡಿದೂ ಆಡಬಹುದು, ಉದ್ದ ಹಿಡಿದೂ ಆಡಬಹುದು. ಗೇಮ್ ಬಾಯ್‌ನಿಂದ ಎಲ್ಲರನ್ನೂ ಸೋಲಿಸಿದ್ದವರ ಕಡೆಯ ಯಂತ್ರ ಗೇಮ್ ಬಾಯ್‌ಗೇ ಸೋತಿತು. 2003ರಲ್ಲಿ ನಿಂತುಹೋಯಿತು, ಜಪಾನಿನ ಆಚೆಗೆ ಮಾರಾಟವಾಗಲೇ ಇಲ್ಲ.

ಆಫೀಸಿನ ಕೆಲಸಕ್ಕೆ ಟೋಕಿಯೊಗೆ ಹೋದಾಗ ಅಕಿಹಬಾರಾದ ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರ ಜಂಕ್ ಬುಟ್ಟಿಯಲ್ಲಿ ನನಗೊಂದು ವಂಡರ್‌ಸ್ವಾನ್ ಸಿಕ್ಕಿತು. ಬೆಂಗಳೂರಿನ ನಮ್ಮ ಎಸ್.ಪಿ. ರೋಡಿನಲ್ಲಿ ಬೋರ್ಡುಗಳ ರಾಶಿ ಕೆದಕಿ ಅಭ್ಯಾಸ ಇದ್ದವರಿಗೆ ಅಂಥ ಬುಟ್ಟಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಅದರ ಜೊತೆ ಕೊಂಡ ಆಟ ಗುನ್‌ಪೇ, ಯೊಕೊಯಿ ಅವರದೇ ಹೆಸರು. ಯಂತ್ರವನ್ನು ಉದ್ದಕ್ಕೆ ಹಿಡಿಯಬೇಕು. ಕೆಳಗಿನಿಂದ ಓರೆಗೆರೆಯ ತುಂಡುಗಳು ಮೇಲೇರುತ್ತ ಬರುತ್ತವೆ, ಅವನ್ನು ಮೇಲೆ ಕೆಳಗೆ ಜರುಗಿಸಿ ಎಡ ಅಂಚಿನಿಂದ ಬಲ ಅಂಚಿನವರೆಗೆ ಕಡಿಯದ ಒಂದು ಗೆರೆ ಕೂಡಿಸಬೇಕು. ಕೂಡಿದ ಗೆರೆ ಮಾಯ. ಆಡಲು ಜಪಾನಿ ಭಾಷೆ ಬೇಕಿಲ್ಲ. ವಂಡರ್‌ವಿಚ್ ಎಂಬ ಕಿಟ್ ಕೊಂಡರೆ ಸಾಮಾನ್ಯ ಜನ ಕೂಡ ಸಿ ಭಾಷೆಯಲ್ಲಿ ಈ ಯಂತ್ರಕ್ಕೆ ಪ್ರೋಗ್ರಾಂ ಬರೆಯಬಹುದಿತ್ತು. ಅದರ ಸ್ಪರ್ಧೆಯಲ್ಲಿ 2001ರಲ್ಲಿ ಗೆದ್ದ ಜಡ್ಜ್‌ಮೆಂಟ್ ಸಿಲ್ವರ್‌ಸೋರ್ಡ್ ಎಂಬ ಆಟ 2004ರಲ್ಲಿ ಕಾರ್ಟ್ರಿಜ್ ಆಗಿ ಮಾರಾಟಕ್ಕೆ ಬಂತು. ಯಂತ್ರ ನಿಂತ ಮೇಲೂ ಅದಕ್ಕೊಂದು ಹೊಸ ಆಟ!

ಅಗ್ಗದ ಕಾಲ ಬಹಳ ದಿನ ಇರಲಿಲ್ಲ. ಕಡಿಮೆ ಮಾರಾಟವಾದದ್ದು ಕಡಿಮೆ ಉಳಿಯುತ್ತದೆ, ಕಡಿಮೆ ಉಳಿದದ್ದು ಸಂಗ್ರಹಕಾರರ ಕಣ್ಣಿಗೆ ಬೀಳುತ್ತದೆ. ನಿಯೋ ಜಿಯೋ ಪಾಕೆಟ್‌ನ ಫಾಸೆಲೈ ಎಂಬ ಆಟದ ಇಂಗ್ಲಿಷ್ ಆವೃತ್ತಿಗೆ ಈಗ ಕೇಳುವ ಬೆಲೆ ಆಟಗಾರರು ಕೊಡುವಂಥದ್ದಲ್ಲ, ಸಂಗ್ರಹಕಾರರು ಕೊಡುವಂಥದ್ದು. ಆದ್ದರಿಂದ 2021ರ ಮಾರ್ಚ್‌ನಲ್ಲಿ ಎಸ್‌ಎನ್‌ಕೆ ಹೆಸರಿನ ಇಂದಿನ ಕಂಪನಿ ಹತ್ತು ಆಟಗಳನ್ನು ಒಟ್ಟು ಮಾಡಿ ನಿಂಟೆಂಡೊ ಸ್ವಿಚ್‌ಗೆ ತಂದಾಗ ನನಗೆ ಖುಷಿಯೇ ಆಯಿತು. ಕಡ್ಡಿಯ ಆ ಟಿಕ್ ಅಲ್ಲಿ ಸಿಗದು, ಆಟ ಸಿಗುತ್ತದೆ.

ಅದೇ ತಿಂಗಳು ಸೋನಿ ತನ್ನ ಪ್ಲೇ ಸ್ಟೇಷನ್ ವೀಟಾದ ಆನ್‌ಲೈನ್ ಅಂಗಡಿಯನ್ನು ಆಗಸ್ಟ್‌ನಲ್ಲಿ ಮುಚ್ಚುವುದಾಗಿ ಹೇಳಿತು. 2011ರಲ್ಲಿ ಬಂದು, ಮೊಬೈಲ್ ಫೋನಿನ ಆಟಗಳ ಅಬ್ಬರದಲ್ಲಿ ಕೊಳ್ಳುವವರಿಲ್ಲದೆ ಬಳಲಿ, 2019ರಲ್ಲಿ ತಯಾರಿಕೆ ನಿಂತ ಯಂತ್ರ ಅದು. ಆಡುವವರು ಜೋರಾಗಿ ಗಲಾಟೆ ಮಾಡಿದ್ದರಿಂದ ಏಪ್ರಿಲ್‌ನಲ್ಲಿ ಸೋನಿ ಆ ತೀರ್ಮಾನ ಹಿಂದಕ್ಕೆ ತೆಗೆದುಕೊಂಡಿತು. ಆ ನಡುವಿನ ವಾರಗಳಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ಫೋನ್ ಮಾಡಿದ. ಯಾರೋ ಬಳಸಿದ ವೀಟಾ ಅವನಿಗೆ ಅಗ್ಗಕ್ಕೆ ಸಿಕ್ಕಿತ್ತು. "ಅತ್ತೆ, ಸ್ಟೋರ್ ಮುಚ್ಚೋ ಮುಂಚೆ ಏನೇನು ತಗೊಳ್ಳಲಿ?" ಅಂದ.

ನನ್ನ ಕಾಲದಲ್ಲಿ ಕಂಪನಿ ದಿವಾಳಿಯಾದರೂ ಕಾರ್ಟ್ರಿಜ್ ಬುಟ್ಟಿಯಲ್ಲಿ ಬಿದ್ದಿರುತ್ತಿತ್ತು, ಹುಡುಕುವವರು ಹುಡುಕುತ್ತಿದ್ದರು. ವೀಟಾದ ಎಷ್ಟೋ ಆಟಗಳು ಕಾರ್ಡ್ ಆಗಿ ಬರಲೇ ಇಲ್ಲ, ಸರ್ವರಿನಲ್ಲಿ ಮಾತ್ರ ಇವೆ. ಪರ್ಸೋನಾ 4 ಗೋಲ್ಡನ್ ಥರದ್ದು ಕಾರ್ಡ್‌ನಲ್ಲೂ ಸಿಗುತ್ತದೆ, ಅವುಗಳಿಗೆ ಅವಸರ ಬೇಡ, ಕಾರ್ಡ್ ಇಲ್ಲದ ಆಟಗಳಿಗೆ ಮೊದಲು ದುಡ್ಡು ಹಾಕು, ಮೆಮೊರಿ ಕಾರ್ಡ್ ಸೋನಿಯದೇ ಆಗಬೇಕು, ಅದು ದುಬಾರಿ, ಅದಕ್ಕೊಂದಿಷ್ಟು ಎತ್ತಿಡು ಎಂದೆ. ಅವನು ಪಟ್ಟಿ ಬರೆಯಲು ಶುರು ಮಾಡಿದ. ಇಬ್ಬರೂ ಫೋನ್ ಸ್ಪೀಕರಿಗೆ ಹಾಕಿಕೊಂಡು ಒಂದೊಂದೇ ಹೆಸರು ಹುಡುಕುತ್ತ ಕೂತೆವು. ಆಚೆ ಕಡೆಯಿಂದ ಅಣ್ಣ, ಮೆಟಲ್ ಸ್ಲಗ್ ಬರುತ್ತದೇನೋ ಕೇಳು ಅಂದ.